ನಾನು ಒರೆಸಿದ ಹನ್ನೆರಡು ಗಾಜು

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೋ ಕಂಡುಹಿಡಿದು ಊರಿಗೆಲ್ಲ ಸಾರುವುದು ಬೇಡ. ಆಕಾಶದ ಫೋಟೋ ಮೂಡಿರುವ ಹನ್ನೆರಡು ಹಳೆಯ ಗಾಜಿನ ಫಲಕಗಳ ಮೇಲೆ ನನ್ನ ಅಪ್ಪ ಹುಟ್ಟುವ ಮೊದಲೇ ಯಾರೋ ಮಸಿಯಲ್ಲಿ ಮಾಡಿಟ್ಟ ಗುರುತುಗಳಿದ್ದವು. ಅವನ್ನು ಸ್ಪಿರಿಟ್ ಹಾಕಿ ನೆನೆಸಿ, ಬ್ಲೇಡಿನಲ್ಲಿ ಕೆರೆದು, ಹತ್ತಿಯಲ್ಲಿ ಒರೆಸಿ, ಮದುವೆ ಮನೆಯ ಕನ್ನಡಿಯ ಹಾಗೆ ಫಳಫಳ ಮಾಡಿದವನು ನಾನು. ಅಷ್ಟಕ್ಕೇ ನಿಂತಿದ್ದರೆ ದಡ್ಡತನ ಎಂದು ಬಿಡಬಹುದಿತ್ತು. ರಿಜಿಸ್ಟರಿನಲ್ಲಿ ಆ ಹನ್ನೆರಡು ಸಂಖ್ಯೆಗಳ ಎದುರು ‘ಗುರುತು ಇಲ್ಲ’ ಎಂದು ಬರೆದು ಸಹಿ ಹಾಕಿದವನೂ ನಾನೇ. ಸಹಿ ಮಾತ್ರ ಅವತ್ತು ಬಹಳ ಚೆನ್ನಾಗಿ ಬಂದಿತ್ತು.

ಚೆನ್ನೈನ ಒಂದು ಸಾರ್ವಜನಿಕ ವಸ್ತುಸಂಗ್ರಹಾಲಯದ ಖಗೋಳ ವಿಭಾಗದಲ್ಲಿ ಹನ್ನೊಂದು ವರ್ಷ ದುಡಿದು, ಮೂವತ್ತಾರನೆಯ ವಯಸ್ಸಿಗೆ ನಾನು ನಿವೃತ್ತನಾದೆ. ನಿವೃತ್ತಿ ಎನ್ನುವುದು ನಾನು ಮರ್ಯಾದೆಗೆ ಇಟ್ಟುಕೊಂಡ ಹೆಸರು. ಕಚೇರಿಯ ಕಾಗದದಲ್ಲಿ ‘ಗುತ್ತಿಗೆಯನ್ನು ಮುಂದುವರಿಸಲಾಗುವುದಿಲ್ಲ’ ಎಂದಿತ್ತು. ಆದರೂ ಒಂದು ಶಾಲು ಹೊದಿಸಿದರು, ಒಂದು ಫೋಟೋ ತೆಗೆದರು, ಎರಡು ಬಿಸ್ಕತ್ತು ಕೊಟ್ಟರು. ನಾನು ಅಲ್ಲಿ ವಿವರಣೆಗಾರ. ಜನ ಬಂದು ದೂರದರ್ಶಕದ ಮುಂದೆ ನಿಂತರೆ ಅದರ ಕಥೆ ಹೇಳುವವನು. ಈಗ ಅಲ್ಲಿ ಒಂದು ಗುಂಡಿ ಇದೆ. ಒತ್ತಿದರೆ ಮುದುಕ ವಿಜ್ಞಾನಿಯ ದನಿಯಲ್ಲಿ, ವಾರ್ತೆ ಓದುವ ಹೆಂಗಸಿನ ದನಿಯಲ್ಲಿ, ಕೆಮ್ಮುವ ವಾಚ್‌ಮನ್‌ನ ದನಿಯಲ್ಲಿ ಕಥೆ ಬರುತ್ತದೆ. ಮೂರೂ ನನ್ನವೇ. ಒಂದು ಬೇಸಿಗೆಯಲ್ಲಿ ಕೂರಿಸಿ ರೆಕಾರ್ಡ್ ಮಾಡಿಕೊಂಡರು, ನಾನೂ ಹಲ್ಲು ಕಿರಿಯುತ್ತಾ ಮಾಡಿಕೊಟ್ಟೆ. ನನ್ನ ಕೆಲಸ ಕಿತ್ತುಕೊಂಡವನ ಮೇಲೆ ಸಿಟ್ಟು ಮಾಡಿಕೊಳ್ಳೋಣ ಎಂದರೆ ಅವನೂ ನಾನೇ ಆಗಿಬಿಟ್ಟಿದ್ದೇನೆ.

ಈಗ ಸಂಗ್ರಹದ ಕೋಣೆಗೆ ಹೊಸಬರನ್ನು ತೆಗೆದುಕೊಳ್ಳುತ್ತಿದ್ದಾರಂತೆ. ವಿಭಾಗದ ಕ್ಯುರೇಟರ್ ಭಾನುಮತಿ ಮೇಡಂ ಫೋನ್ ಮಾಡಿ, “ಮಂಜು, ಕೆಲಸ ನಿಜವಾಗಿ ಹೇಗಿರುತ್ತೆ ಅಂತ ಆ ಹುಡುಗರಿಗೆ ಬರೆದುಕೊಡು. ನಿನ್ನ ದನಿಯಲ್ಲಿ ಬರಿ, ಬೇರೆ ಯಾರ ದನಿಯಲ್ಲೂ ಬೇಡ” ಎಂದರು. ಮೇಡಂ ಮಾತಾಡುವುದು ತಮಿಳು, ನನ್ನ ದನಿ ಕನ್ನಡ; ಹುಡುಗರಿಗೆ ಆಮೇಲೆ ತಮಿಳು ಮಾಡಿಕೊಟ್ಟರಾಯಿತು. ಇಲ್ಲಿ ಬರುವ ಕಚೇರಿಯ ಮಾತುಗಳನ್ನೆಲ್ಲ ನಾನೇ ಕನ್ನಡ ಮಾಡಿದ್ದೇನೆ. ನಮ್ಮ ಮನೆ ತಾಂಬರಂನಲ್ಲಿ, ಅಪ್ಪ ಅಮ್ಮ ಕೋಲಾರದ ಕಡೆಯವರು. ಮನೆಯಲ್ಲಿ ಕೋಲಾರದ ಕನ್ನಡ, ಲೋಕಲ್ ಟ್ರೇನಿನಲ್ಲಿ ತಮಿಳು, ಕಚೇರಿಯಲ್ಲಿ ಎರಡಕ್ಕೂ ಇಂಗ್ಲಿಷಿನ ಒಗ್ಗರಣೆ. ಇಷ್ಟು ನಾಲಗೆ ಇದ್ದವನು ಮಿಮಿಕ್ರಿ ಮಾಡದೆ ಇನ್ನೇನು ಮಾಡಿಯಾನು?

ಹೊಸಬರು ಮೊದಲು ತಿಳಿಯಬೇಕಾದದ್ದು: ಯಾರೂ ನಿಮ್ಮನ್ನು ಶನಿಗ್ರಹದ ಬಳೆಗಳ ಬಗ್ಗೆ ಕೇಳುವುದಿಲ್ಲ. ಸೇರಿದ ಹೊಸತರಲ್ಲಿ ನಾನು ಆ ಉತ್ತರವನ್ನು ಬಾಯಿಪಾಠ ಮಾಡಿ, ಕೈ ಎಲ್ಲಿ ಎತ್ತಬೇಕು ಎಲ್ಲಿ ಇಳಿಸಬೇಕು ಎಂದು ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಂಡು ಹೋಗಿದ್ದೆ. ಮೊದಲ ತಿಂಗಳು ಬಂದ ಪ್ರಶ್ನೆ ಒಂದೇ, ಬಾತ್‌ರೂಮ್ ಎಲ್ಲಿ. ಎರಡನೆಯ ತಿಂಗಳು ಸ್ವಲ್ಪ ಬಡ್ತಿ ಸಿಕ್ಕಿತು. ಕುಂಬಳಕಾಯಿ ಗಾತ್ರದ ಉಲ್ಕಾಶಿಲೆಯ ಮುಂದೆ ನಿಂತು, “ಇದು ಒರಿಜಿನಲ್ಲಾ?” ಎಂದು ಕೇಳತೊಡಗಿದರು. ಒರಿಜಿನಲ್ ಎಂದರೆ ನಂಬುತ್ತಿರಲಿಲ್ಲ. “ಒರಿಜಿನಲ್ ಆಗಿದ್ದರೆ ಹೀಗೆ ತೆರೆದಿಡ್ತೀರಾ?” ಎಂದು ನನಗೇ ಬುದ್ಧಿ ಹೇಳಿ, ಕೈಯಲ್ಲಿ ತಟ್ಟಿ ನೋಡಿ ಹೋಗುತ್ತಿದ್ದರು. ಆಕಾಶದಿಂದ ಬಿದ್ದ ಕಲ್ಲಿಗೆ ನೆಲದಲ್ಲಿ ಇಷ್ಟು ಏಟು.

ಇನ್ನೊಂದು ಬಗೆಯವರು ಕಲ್ಲು ತರುವವರು. ತಾರಸಿಯ ಮೇಲೆ ದಡ್ ಎಂದು ಏನೋ ಬಿತ್ತು, ನೋಡಿದರೆ ಕಪ್ಪು ಕಲ್ಲು, ಇದು ಉಲ್ಕೆಯೇ ಎಂದು ತರುತ್ತಾರೆ. ನೂರಕ್ಕೆ ತೊಂಬತ್ತೊಂಬತ್ತು ಸಲ ಅದು ಫೌಂಡ್ರಿಯಲ್ಲಿ ಕಬ್ಬಿಣ ಕರಗಿಸಿ ಉಳಿದ ಕಿಟ್ಟ ಅಥವಾ ಪಕ್ಕದ ಮನೆಯವರ ಮುರಿದ ಒರಳಿನ ಚೂರು. ಭಾನುಮತಿ ಮೇಡಂ ಅವರ ಕ್ರಮ ಹೀಗೆ: ಬಂದವರಿಗೆ ಮೊದಲು ಕುರ್ಚಿ, ಆಮೇಲೆ ನೀರು, ಆಮೇಲೆ ಪ್ರಶ್ನೆ. ಎಷ್ಟು ಹೊತ್ತಿಗೆ ಬಿತ್ತು, ಸದ್ದು ಹೇಗಿತ್ತು, ಮುಟ್ಟಿದಾಗ ಬಿಸಿಯಿತ್ತೇ ತಣ್ಣಗಿತ್ತೇ. ಎಲ್ಲ ಬರೆದುಕೊಂಡ ಮೇಲೆ ಆಯಸ್ಕಾಂತ ಹಿಡಿಯುವುದು, ಭೂತಗನ್ನಡಿ ಹಿಡಿಯುವುದು. “ಇಷ್ಟೆಲ್ಲ ಯಾಕೆ ಮೇಡಂ, ನೋಡಿದರೇ ಗೊತ್ತಾಗ್ತಿದೆಯಲ್ಲ ಒರಳು ಅಂತ” ಎಂದರೆ, “ಅವರು ಕೇಳಿದ ಸದ್ದು ಬರೆದುಕೋ. ಕಲ್ಲು ಎಲ್ಲಿಗೂ ಓಡಿಹೋಗಲ್ಲ” ಎನ್ನುತ್ತಿದ್ದರು.

ಅಡ್ಯಾರಿನಿಂದ ಒಬ್ಬ ಹಿರಿಯರು ಬಂದರು. ನೋಡಿದರೇ ಒರಳಿನ ಚೂರೆಂದು ಗೊತ್ತಾಗುವ ಕಲ್ಲನ್ನು ಟರ್ಕಿ ಟವಲಿನಲ್ಲಿ ಸುತ್ತಿ, ಆಸ್ಪತ್ರೆಯಿಂದ ಕೂಸು ತರುವ ಹಾಗೆ ಎದೆಗೆ ಒತ್ತಿಕೊಂಡಿದ್ದರು. ಮೇಡಂ ಅವತ್ತು ರಜೆ. ನಮ್ಮ ಡೈರೆಕ್ಟರ್ ಸಾರ್ ದನಿ ನನ್ನ ಅತ್ಯುತ್ತಮ ಐಟಂ: ಎರಡು ಸಲ ಗಂಟಲು ಸರಿಮಾಡಿಕೊಳ್ಳುವುದು, ‘ಬೇಸಿಕಲಿ’ ಎಂದು ಶುರುಮಾಡುವುದು, ವಾಕ್ಯ ಮುಗಿಯುವ ಮೊದಲೇ ಎದ್ದು ನಿಂತಂತೆ ದನಿ ಏರಿಸುವುದು. ನಾನು ಪಕ್ಕದ ಕೋಣೆಗೆ ಹೋಗಿ ಅವರ ಮುಂದಿದ್ದ ಮೇಜಿನ ಫೋನಿಗೆ ಕರೆ ಮಾಡಿದೆ. “ಬೇಸಿಕಲಿ, ನಾನು ಇಲ್ಲಿನ ಡೈರೆಕ್ಟರ್. ನಿಮ್ಮ ಕಲ್ಲು ಮಂಗಳ ಗ್ರಹದ್ದು. ಅಭಿನಂದನೆಗಳು.” ಬಾಗಿಲ ಸಂದಿನಿಂದ ನೋಡಿದರೆ ಮುದುಕರ ಕಣ್ಣಲ್ಲಿ ನೀರು. ನಾನು ಬಂದು ತಮಾಷೆ ಎಂದು ಹೇಳಬೇಕು ಎನ್ನುವಷ್ಟರಲ್ಲಿ ಒಂದು ಶಾಲೆಯ ಮಕ್ಕಳು ನುಗ್ಗಿದರು, ಮುದುಕರು ಹೊರಟುಹೋದರು. ಮರುದಿನ ಬೆಳಿಗ್ಗೆ ಅವರ ಮನೆಯ ಹದಿನೈದು ಜನ ಮಲ್ಲಿಗೆಯ ಹಾರ, ಹಣ್ಣಿನ ತಟ್ಟೆ ಹಿಡಿದು ಡೈರೆಕ್ಟರ್ ಸಾರ್ ಕೋಣೆಗೇ ಹೋದರು. ಹಾರ ಹಾಕಿಸಿಕೊಂಡ ಮೇಲೆ ಸಾರ್‌ಗೆ ವಿಷಯ ಗೊತ್ತಾಯಿತು.

ಅವರು ಬೈಯಲಿಲ್ಲ. ಹಾರ ತೆಗೆದು ಮೇಜಿನ ಮೇಲಿಟ್ಟು, ಗಂಟಲು ಎರಡು ಸಲ ಸರಿಮಾಡಿಕೊಂಡು, “ಬೇಸಿಕಲಿ, ನಿನಗೆ ಮಾತು ಜಾಸ್ತಿಪ್ಪಾ. ಮಾತಾಡದ ವಸ್ತುಗಳ ಜೊತೆ ಆರು ತಿಂಗಳು ಇರು” ಎಂದರು. ಹಾಗೆ ನಾನು ಗ್ಯಾಲರಿಯಿಂದ ಗಾಜಿನ ಫಲಕಗಳ ಕೋಣೆಗೆ ಬಿದ್ದೆ. ಅಡ್ಯಾರಿನ ಹಿರಿಯರ ಮನೆಗೆ ಹೋಗಿ ನಾನೇ ತಪ್ಪೊಪ್ಪಿಕೊಂಡು ಬಂದೆ. ಅವರು ಕಾಫಿ ಕೊಟ್ಟರು. ಕಲ್ಲು ದೇವರ ಗೂಡಿನಲ್ಲಿ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. ಅದನ್ನು ಇಳಿಸಿ ಎನ್ನುವ ಧೈರ್ಯ ನನಗೆ ಬರಲಿಲ್ಲ.

ಫಲಕ ಎಂದರೆ ಏನು ಎಂದು ಹೇಳಬೇಕು. ಫಿಲ್ಮ್ ಬಳಕೆಗೆ ಬರುವ ಮೊದಲು ಆಕಾಶದ ಫೋಟೋಗಳನ್ನು ಗಾಜಿನ ಮೇಲೆ ತೆಗೆಯುತ್ತಿದ್ದರು. ನಮ್ಮಲ್ಲಿದ್ದವು ಬೆಟ್ಟದ ಮೇಲಿನ ಒಂದು ಹಳೆಯ ವೀಕ್ಷಣಾಲಯದವು. ಅದು ಮುಚ್ಚಿದಾಗ ಮರದ ಪೆಟ್ಟಿಗೆಗಳ ಸಮೇತ ನಮ್ಮ ಪಾಲಿಗೆ ಬಂದವು. ಒಂದೊಂದೂ ಶಾಲೆಯ ಸ್ಲೇಟಿನ ಅಳತೆ. ಒಂದು ಮಗ್ಗುಲಲ್ಲಿ ಚಿತ್ರದ ಪದರ, ಅಲ್ಲಿ ನಕ್ಷತ್ರಗಳು ಕಪ್ಪು ಚುಕ್ಕಿಗಳಾಗಿ ಕಾಣುತ್ತವೆ, ಯಾರೋ ಎಳ್ಳು ಚೆಲ್ಲಿದ ಹಾಗೆ. ಆ ಮಗ್ಗುಲನ್ನು ಬೆರಳೂ ಮುಟ್ಟಬಾರದು. ಇನ್ನೊಂದು ಮಗ್ಗುಲು ಬರಿಯ ಗಾಜು. ಅಂದಿನ ನೌಕರರು ಹಗಲಿನಲ್ಲಿ ಕೂತು, ಒಂದೇ ಭಾಗದ ಆಕಾಶದ ಎರಡು ಫಲಕಗಳನ್ನು ಹೋಲಿಸಿ, ಏನಾದರೂ ಬದಲಾಗಿದ್ದರೆ ಆ ಬರಿಯ ಗಾಜಿನ ಮೇಲೆ ಮಸಿಯಲ್ಲಿ ಬಾಣ, ಸುತ್ತು, ಸಂಖ್ಯೆ ಬರೆಯುತ್ತಿದ್ದರು. ಈಗ ಎಲ್ಲವನ್ನೂ ಸ್ಕ್ಯಾನ್ ಮಾಡಿ ಜಾಲತಾಣಕ್ಕೆ ಹಾಕಿ, ಯಾವ ದೇಶದವರಾದರೂ ನೋಡಲಿ ಎಂದು ತೆರೆದಿಡುವ ಯೋಜನೆ ಬಂದಿತ್ತು. ಮಸಿ ಇದ್ದರೆ ಅದರ ಕೆಳಗಿನ ಚುಕ್ಕಿಗಳು ಸ್ಕ್ಯಾನಿನಲ್ಲಿ ಮುಚ್ಚಿಹೋಗುತ್ತವೆ. ಅದಕ್ಕೇ ಒರೆಸಬೇಕು.

ಒರೆಸುವ ಮೊದಲು ಗುರುತುಗಳ ಸಮೇತ ಒಂದು ಫೋಟೋ. ಇದು ಮೇಡಂ ಅವರ ನಿಯಮ. ಎಡಗಡೆಯ ರ‍್ಯಾಕಿನಲ್ಲಿ ಫೋಟೋ ಆಗಬೇಕಾದವು, ಬಲಗಡೆಯ ರ‍್ಯಾಕಿನಲ್ಲಿ ಆದವು. ಫೋಟೋ ತೆಗೆಯುವವಳು ಸೆಲ್ವಿ, ಒರೆಸುವವನು ನಾನು. ಎರಡು ರ‍್ಯಾಕು, ಇಬ್ಬರು ಮನುಷ್ಯರು. ಇದರಲ್ಲಿ ತಪ್ಪು ಮಾಡಲು ವಿಶೇಷ ಪ್ರತಿಭೆ ಬೇಕು.

ಒಂದು ಮಧ್ಯಾಹ್ನ ಊಟದ ಮೊದಲು ಸೆಲ್ವಿ, “ಅಣ್ಣಾ, ಡೈರೆಕ್ಟರ್ ಸಾರ್ ಮಂತ್ರಿಯ ಹಿಂದೆ ಹೇಗೆ ನಡೆದರು ತೋರಿಸಿ” ಎಂದಳು. ಆ ಬೆಳಿಗ್ಗೆ ಯಾರೋ ಮಂತ್ರಿ ಬಂದು ಹೋಗಿದ್ದರು. ಕೈಯಲ್ಲಿ ಹನ್ನೆರಡು ಫಲಕಗಳ ಟ್ರೇ ಇತ್ತು, ಫೋಟೋಗೆ ಅವಳ ಕೈಗೆ ಕೊಡಲೆಂದು ಎಡಗಡೆಯಿಂದ ಎತ್ತಿಕೊಂಡಿದ್ದೆ. ಅದನ್ನೇ ಮಂತ್ರಿಗೆ ಕೊಡುವ ನೆನಪಿನ ಕಾಣಿಕೆ ಮಾಡಿಕೊಂಡು, ಸೊಂಟ ಬಗ್ಗಿಸಿ, ಕೋಣೆಯ ಉದ್ದಕ್ಕೂ ನಡೆದು ತೋರಿಸಿದೆ. ಸೆಲ್ವಿ ಕೂತಲ್ಲೇ ಮಡಚಿಕೊಂಡಳು. ನಡೆದು ನಡೆದು ತಲುಪಿದ್ದು ಬಲಗಡೆಯ ರ‍್ಯಾಕಿಗೆ. ಟ್ರೇಯನ್ನು ಅಲ್ಲಿಟ್ಟು, ಅದೃಶ್ಯ ಮಂತ್ರಿಗೆ ಕೈಮುಗಿದು, ಊಟಕ್ಕೆ ಹೋದೆ.

ಊಟವಾದ ಮೇಲೆ ಬಂದು ಆ ಹನ್ನೆರಡನ್ನೂ ಒರೆಸಿದೆ. ಬೇರೆಯವುಗಳ ಮಸಿ ಸ್ಪಿರಿಟ್ ಸೋಕಿದರೆ ಬಿಡುತ್ತಿತ್ತು. ಈ ಹನ್ನೆರಡರಲ್ಲಿ ಒಂದರ ಹಸಿರು ಮಸಿ ಬಹಳ ಹಟ ಮಾಡಿತು. ನನಗೂ ಹಟ ಬಂತು. ಬ್ಲೇಡನ್ನು ಓರೆಯಾಗಿ ಹಿಡಿದು ಕಾಲು ಗಂಟೆ ಕೆರೆದೆ. ಸಂಜೆ ಸೆಲ್ವಿ ಪಟ್ಟಿ ನೋಡಿ, “ಅಣ್ಣಾ, ಹನ್ನೆರಡರ ಫೋಟೋ ಇಲ್ಲವಲ್ಲ” ಎಂದಳು. ಎಡಗಡೆಯ ಟ್ರೇಯನ್ನು ಬಲಗಡೆ ಇಟ್ಟದ್ದು ಆಗ ಹೊಳೆಯಿತು. “ಅವುಗಳ ಮೇಲೆ ಏನೂ ಇರಲಿಲ್ಲ, ಫೋಟೋ ಬೇಕಿಲ್ಲ” ಎಂದೆ. ರಿಜಿಸ್ಟರ್ ತೆಗೆದು ಬರೆದೆ. ಗುರುತು ಇಲ್ಲ, ಗುರುತು ಇಲ್ಲ, ಗುರುತು ಇಲ್ಲ. ಹನ್ನೆರಡು ಸಲ. ಯಾರ ಕೈಬರಹವನ್ನೂ ಅನುಕರಿಸದೆ, ಸ್ವಂತ ಕೈಬರಹದಲ್ಲಿ.

ಎರಡು ತಿಂಗಳ ನಂತರ ಹೊಸ ಗ್ಯಾಲರಿಯ ಸಿದ್ಧತೆ ಶುರುವಾಯಿತು. ಆ ವೀಕ್ಷಣಾಲಯದಲ್ಲಿ ಪತ್ತೆಯಾದ ಒಂದು ನಕ್ಷತ್ರಕ್ಕೆ ಇಡೀ ಗೋಡೆ ಮೀಸಲು. ಅದು ಹೊಳಪು ಏರಿಳಿಯುವ ನಕ್ಷತ್ರ: ಕೆಲವು ತಿಂಗಳು ಚೆನ್ನಾಗಿ ಕಾಣುತ್ತದೆ, ಆಮೇಲೆ ಮಂಕಾಗುತ್ತಾ ಹೋಗಿ ಸಾಧಾರಣ ದೂರದರ್ಶಕದ ಕಣ್ಣಿಗೆ ಬೀಳದಂತೆ ಮರೆಯಾಗುತ್ತದೆ, ಮತ್ತೆ ಬರುತ್ತದೆ. ಗೋಡೆಯ ಬರಹದಲ್ಲಿ ‘ಕಂಡುಹಿಡಿದವರು: ವೀಕ್ಷಣಾಲಯದ ಮುಖ್ಯಸ್ಥರು’ ಎಂದಿತ್ತು. ಭಾನುಮತಿ ಮೇಡಂ ಪತ್ರಿಕೆಯಲ್ಲಿ ಒಂದು ಸಣ್ಣ ಪ್ರಕಟಣೆ ಹಾಕಿಸಿದ್ದರು, ಆ ವೀಕ್ಷಣಾಲಯದಲ್ಲಿ ಕೆಲಸ ಮಾಡಿದವರ ಮನೆಯವರು ಯಾರಾದರೂ ಇದ್ದರೆ ಬಂದು ನೆನಪು ಹಂಚಿಕೊಳ್ಳಿ ಎಂದು. ಬಂದವರು ಒಬ್ಬರೇ. ಕೀಲ್ಪಾಕ್‌ನಿಂದ ಆಟೋದಲ್ಲಿ ಬಂದ ನೀಲಾಂಬಿಕೆ ಎಂಬ ಎಂಬತ್ತು ದಾಟಿದ ಹೆಂಗಸು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಕೊಡೆ. ಮೂಲ ಗದಗಿನ ಕಡೆ. ನಾನು ಕನ್ನಡದವನು ಎಂದು ಗೊತ್ತಾದ ಕೂಡಲೇ ಮೇಡಂ ಅವರನ್ನು ಬಿಟ್ಟು ನನ್ನ ಕಡೆ ತಿರುಗಿ ಕೂತರು.

“ನಮ್ಮನ್ಯಾಗ ಮೊಮ್ಮಕ್ಕಳ ಜೋಡಿ ಕನ್ನಡ ಮಾತಾಡಿದ್ರ ಅವು ತಿಳೀಲಾರದ ‘ಎನ್ನ ಪಾಟಿ’, ಏನಜ್ಜಿ, ಅಂತಾವ ತಮ್ಮಾ. ನೀ ಸಿಕ್ಕಿ, ಚೊಲೋ ಆತು. ಕೇಳು. ನಮ್ಮಪ್ಪ ಗುರುಸಿದ್ಧಪ್ಪ ಆ ಬೆಟ್ಟದ ಮ್ಯಾಲೆ ಗಾಜು ನೋಡೋ ಕೆಲಸದಾಗ ಇದ್ರು. ಆ ಚುಕ್ಕಿ ಮೊದಲ ನೋಡಿದವರು ನಮ್ಮಪ್ಪ.”

“ಅದಕ್ಕೆ ಏನಾದರೂ ಕಾಗದಪತ್ರ ಇದೆಯಾ ಅಮ್ಮ?”

“ಕಾಗದ ಎಲ್ಲಿಂದ ಬರಬೇಕು? ಕಾಗದ ಬರಿಯೋರು ಸಾಹೇಬ್ರು. ಆದ್ರ ಗಾಜಿನ ಮ್ಯಾಲೆ ಗುರುತು ಐತಿ. ಸಾಹೇಬ್ರು ಗುಂಡಗ ಸುತ್ತ ಹಾಕ್ತಿದ್ರು. ತಮ್ಮದು ಬ್ಯಾರೆ ಕಾಣ್ಲಿ ಅಂತ ನಮ್ಮಪ್ಪ ಚೌಕ ಹಾಕ್ತಿದ್ರು, ಹಸಿರು ಮಸಿ ಒಳಗ. ಮೂರು ಮಗ್ಗಲ ಗೆರಿ, ಒಂದು ಮಗ್ಗಲ ತೆರದಿರ್ತಿತ್ತು. ಕೆಳಗ ಕನ್ನಡದಾಗ ‘ಗು’ ಅಂತ. ನನ್ನ ಕರ್ಕೊಂಡು ಹೋಗಿ ತೋರಿಸ್ಯಾರ. ಆವಾಗ ನಾ ನಾಲ್ಕನೇ ಕ್ಲಾಸು.”

ಸಂದರ್ಶಕರ ಫಾರಮಿನ ಹಿಂದೆ ಅದನ್ನು ಬರೆದು ತೋರಿಸಿದರು. ಚೌಕ ನೆಟ್ಟಗೆ ಬಂತು. ಬಲಗಡೆ ತೆರೆದ ಚೌಕ. ನಾನು ಕಾಲು ಗಂಟೆ ಕೆರೆದ ಚೌಕ.

“ಮರುದಿನ ಸಾಲಿಗೆ ಹೋಗಿ ಹೇಳಿದೆ, ನಮ್ಮಪ್ಪ ಹೊಸ ಚುಕ್ಕಿ ಹಿಡದಾರಂತ. ಟೀಚರಮ್ಮ ಬೆಂಚಿನ ಮ್ಯಾಲೆ ನಿಲ್ಲಿಸಿದ್ಲು, ಸುಳ್ಳು ಹೇಳ್ತಿ ಅಂತ. ಮನ್ಯಾಗೂ ಹಂಗ. ನಮ್ಮವ್ವ ಸಾಯೂತನಕ ‘ನಿಮ್ಮಪ್ಪನ ಚುಕ್ಕಿ ಹುಳಿಗೆ ಹಾಕೂದ ಏನು’ ಅಂತ ನಗ್ತಿದ್ಲು. ಈಗ ಗೋಡಿ ಮ್ಯಾಲೆ ಬರಿಯಾಕ ಹತ್ತೀರಂತ. ಗಾಜು ತಗದು ನೋಡ್ರಿ. ಅಷ್ಟ ನಾ ಕೇಳೂದು.”

ಅದನ್ನು ನಾನು ತಮಿಳಿನಲ್ಲಿ ಹೇಳಿದ ಮೇಲೆ ಭಾನುಮತಿ ಮೇಡಂ ರಿಜಿಸ್ಟರ್ ತೆಗೆದರು. ನಕ್ಷತ್ರವಿದ್ದ ಫಲಕದ ಸಂಖ್ಯೆ ಹುಡುಕಿದರು. ಬೆರಳಿಟ್ಟು ಓದಿದರು. “ಗುರುತು ಇಲ್ಲ ಅಂತ ಇದೆಯಲ್ಲಮ್ಮ. ಒರೆಸುವ ಮೊದಲು ನೋಡಿಯೇ ಬರೆದಿರುತ್ತಾರೆ.” ಪಕ್ಕದಲ್ಲಿದ್ದ ಸಹಿ ನನ್ನದು ಎಂದು ಅವರಿಗೂ ಗೊತ್ತಿತ್ತು. ಅವರು ನನ್ನ ಮುಖ ನೋಡಿದರು. ನಾನು ಕಿಟಕಿ ನೋಡಿದೆ.

ನೀಲಾಂಬಿಕೆಯಮ್ಮ ಕೊಡೆಯನ್ನು ನೆಲಕ್ಕೆ ಊರಿ ಎದ್ದು, ನನ್ನನ್ನೇ ಕೇಳಿದರು: “ಹಂಗಾದ್ರ ಅಪ್ಪ ಸುಳ್ಳು ಹೇಳಿದ್ರೇನು?” ಗೇಟಿನವರೆಗೆ ಹೋಗಿ ಆಟೋ ಹತ್ತಿಸಿದೆ. ದಾರಿಯುದ್ದಕ್ಕೂ ಬಿಸಿಲಿನ ಬಗ್ಗೆ ಮಾತಾಡಿದೆ.

ಮರುದಿನ ಊಟದ ಹೊತ್ತಿಗೆ, ಹಳೆಯ ಚಾಳಿ, ಅವರನ್ನೂ ಅನುಕರಿಸಿ ತೋರಿಸಿದೆ. ಕೊಡೆ ಊರುವುದು, ಎದ್ದು ನಿಲ್ಲುವುದು, ಆ ಗದಗಿನ ರಾಗ. ನಾನೇ ಹೇಳಿಕೊಳ್ಳಬಾರದು, ತುಂಬ ಚೆನ್ನಾಗಿ ಬಂತು. ಸೆಲ್ವಿಗೆ ಕನ್ನಡ ಬಾರದು. “ಸೂಪರ್ ಅಣ್ಣಾ. ಏನು ಹೇಳಿದರು ಅವರು?” ಎಂದಳು. ನಾನು ತಮಿಳಿನಲ್ಲಿ ಹೇಳಿದೆ: ತನ್ನ ಅಪ್ಪ ಸುಳ್ಳು ಹೇಳಿದರಾ ಎಂದು ಕೇಳಿದರು. ಸೆಲ್ವಿ ಡಬ್ಬಿಯ ಮುಚ್ಚಳ ಹಾಕುತ್ತಾ, “ಇದರಲ್ಲಿ ನಗುವುದು ಯಾವ ಜಾಗದಲ್ಲಿ?” ಎಂದಳು. ಅವಳು ನಿಜಕ್ಕೂ ತಿಳಿಯಲೆಂದೇ ಕೇಳಿದ್ದು.

ಎದ್ದು ಮೇಡಂ ಕೋಣೆಗೆ ಹೋದೆ. ಹೇಳಿದೆ. ಟ್ರೇ, ಮಂತ್ರಿ, ಬ್ಲೇಡು, ರಿಜಿಸ್ಟರ್, ಎಲ್ಲ.

“ಒಂದಾ?” ಎಂದರು.

“ಹನ್ನೆರಡು.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮತ್ತೆ ಹಾಕಿಕೊಂಡರು. “ಉಳಿದ ಹನ್ನೊಂದರ ಮೇಲೆ ಏನಿತ್ತು ಅಂತ ನೆನಪಿದೆಯಾ?” ಇಲ್ಲ ಎಂದೆ. “ಯಾರ ದನಿ ಹೇಗಿರುತ್ತೆ ಅಂತ ಎಲ್ಲ ನೆನಪಿರುತ್ತೆ ನಿನಗೆ” ಎಂದಷ್ಟೇ ಹೇಳಿ, ಕೀಲ್ಪಾಕ್‌ಗೆ ಫೋನ್ ಮಾಡಿದರು.

ನೀಲಾಂಬಿಕೆಯಮ್ಮ ಮತ್ತೆ ಬಂದರು. ಅವರ ಮುಂದೆ ನಿಂತು ಹೇಳಿದ ಆ ಐದು ನಿಮಿಷ ನನ್ನ ಹನ್ನೊಂದು ವರ್ಷದ ಅತಿ ಉದ್ದದ ವಿವರಣೆ. ಬೈಗುಳಕ್ಕೂ, ಕೊಡೆಯ ಏಟಿಗೂ ತಯಾರಾಗಿದ್ದೆ. ಅವರ ಮುಖ ಅರಳಿತು.

“ಒರಸಿದಿ ಅಂದ್ರ, ಇತ್ತು ಅಂತ ಆತಲ್ಲೋ ತಮ್ಮಾ!”

ಅಲ್ಲಿಂದ ನೇರ ಡೈರೆಕ್ಟರ್ ಸಾರ್ ಕೋಣೆಗೆ ಹೋದೆವು. ಸಾರ್ ಎಲ್ಲ ಕೇಳಿಸಿಕೊಂಡರು, ಗಂಟಲು ಎರಡು ಸಲ ಸರಿಮಾಡಿಕೊಂಡರು. “ಬೇಸಿಕಲಿ, ಇವನು ಹೇಳಿದ್ದನ್ನು ದಾಖಲೆ ಮಾಡಿಕೊಳ್ಳಲು ಆಗುವುದಿಲ್ಲ ಭಾನುಮತಿ. ಇವನು ಒರಳುಕಲ್ಲನ್ನು ಮಂಗಳಗ್ರಹಕ್ಕೆ ಕಳಿಸಿದವನು, ಅದೂ ನನ್ನ ದನಿಯಲ್ಲಿ. ಇವತ್ತು ಈ ಅಮ್ಮನ ಮುಖ ನೋಡಿ ಕರಗಿ, ಚೌಕ ಇತ್ತು ಅನ್ನುತ್ತಿದ್ದಾನೆ. ನಾಳೆ ಇನ್ನೊಬ್ಬರು ಬಂದರೆ ತ್ರಿಕೋನ ಇತ್ತು ಅಂತಾನೆ.” ನನ್ನ ಕಡೆ ತಿರುಗಿ, “ಏನಪ್ಪಾ, ಇದು ಯಾರ ದನಿ?” ಎಂದರು.

“ನನ್ನದೇ ಸಾರ್.”

“ಅದನ್ನು ನಾನು ಕೇಳಿಯೇ ಇಲ್ಲವಲ್ಲ. ಹೇಗೆ ಗುರುತು ಹಿಡಿಯಲಿ?”

ಹೊಸಬರೇ, ಇದನ್ನು ಬರೆದಿಟ್ಟುಕೊಳ್ಳಿ. ಸುಳ್ಳು ಬರೆದಾಗ ಎಲ್ಲರೂ ನಂಬಿದ್ದರು, ನಿಜ ಹೇಳಿದಾಗ ಸಾಕ್ಷಿ ಕೇಳಿದರು. ಸಾರ್ ತಪ್ಪು ಮಾಡಿದರು ಎಂದು ನಾನು ಇವತ್ತಿಗೂ ಹೇಳುವುದಿಲ್ಲ. ಅವರ ಕುರ್ಚಿಯಲ್ಲಿ ಕೂತಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ, ಇನ್ನೂ ಸ್ವಲ್ಪ ನಾಟಕ ಸೇರಿಸಿ.

“ಆ ಫಲಕ ತನ್ನಿ, ಒಂದು ಸಲ ನೋಡಿ ಮುಗಿಸಿಬಿಡೋಣ” ಎಂದರು. ತಂಪು ಉಗ್ರಾಣದಿಂದ ಫಲಕ ಹೊರಗೆ ತರುವುದಕ್ಕೆ ಒಂದು ಕ್ರಮವಿದೆ. ಮೊದಲು ನಡುವಿನ ಕೋಣೆಯಲ್ಲಿ ಕೆಲವು ಗಂಟೆ ಇಟ್ಟು, ಗಾಜು ಹೊರಗಿನ ಶಾಖಕ್ಕೆ ಹೊಂದಿಕೊಂಡ ಮೇಲೆ ತರಬೇಕು. ಮೇಡಂ ಅದನ್ನೇ ಹೇಳಿದರು, ನಾಳೆ ತರುತ್ತೇವೆ ಎಂದರು. ಸಾರ್‌ಗೆ ನಾಳೆ ದೆಹಲಿ. “ಈಗಲೇ ತನ್ನಿ.” ಮೇಡಂ ತುಟಿ ಬಿಗಿದುಕೊಂಡು ಹೋಗಿ, ಚಿತ್ರದ ಮಗ್ಗುಲಿಗೆ ರಕ್ಷಣೆಯ ಹೊದಿಕೆ ಬಿಗಿದು, ಟ್ರೇಯಲ್ಲಿ ತಂದರು. ಸಾರ್‌ಗೆ ಗಂಟಲಿನ ತೊಂದರೆಯಿಂದ ಎ.ಸಿ. ಆಗುವುದಿಲ್ಲ. ಅವರ ಕೋಣೆಯಲ್ಲಿ ಕಿಟಕಿ ಪೂರ್ತಿ ತೆರೆದಿರುತ್ತದೆ, ಮೇಲೆ ಫ್ಯಾನು. ಹೊರಗೆ ಸಮುದ್ರದ ಗಾಳಿ, ಅಂಗಿ ಬೆನ್ನಿಗೆ ಅಂಟಿಕೊಳ್ಳುವ ಸೆಕೆ.

ಬರಿಯ ಗಾಜಿನ ಮಗ್ಗುಲು ಮೇಲೆ ಮಾಡಿ ಮೇಜಿನ ಮೇಲಿಟ್ಟ ಕೂಡಲೇ ಫಲಕ ಬೆವರಿತು. ಫ್ರಿಜ್ಜಿನಿಂದ ತೆಗೆದ ಬಾಟಲಿಯ ಹಾಗೆ ಮೈಯೆಲ್ಲ ಹಬೆ ಕಟ್ಟಿತು. ನನ್ನ ಕೈ ತಾನಾಗಿಯೇ ಜೇಬಿನ ಬಟ್ಟೆಗೆ ಹೋಗಿ, ಬಟ್ಟೆ ಗಾಜಿನ ಕಡೆ ಹೊರಟಿತ್ತು. ಮೇಡಂ ನನ್ನ ಮಣಿಕಟ್ಟಿನ ಮೇಲೆ ಫಟ್ಟನೆ ಹೊಡೆದರು. “ಒರೆಸಬೇಡ! ಇನ್ನೂ ಬುದ್ಧಿ ಬರಲಿಲ್ಲವಾ ನಿನಗೆ?” ಎಂದವರು ಮಾತು ನಿಲ್ಲಿಸಿ ಗಾಜನ್ನೇ ನೋಡಿದರು.

ಹಬೆಯ ನಡುವೆ ಒಂದು ಜಾಗದಲ್ಲಿ ಹಬೆ ಬೇರೆಯಾಗಿ ಕೂತಿತ್ತು. ಸಣ್ಣ ಗೆರೆ, ಅದಕ್ಕೆ ಸೇರಿ ಇನ್ನೊಂದು, ಇನ್ನೊಂದು. ಬಲಗಡೆ ತೆರೆದ ಚೌಕ. ಕೆಳಗೆ ‘ಗು’. ಮಸಿ ಅಷ್ಟು ಕಾಲ ಕೂತಿದ್ದ ಜಾಗದಲ್ಲಿ ಗಾಜಿನ ಮೈ ಬದಲಾಗಿರುತ್ತದೆ, ಅಲ್ಲಿ ತೇವ ನಿಲ್ಲುವ ರೀತಿಯೇ ಬೇರೆ ಎಂದು ಮೇಡಂ ಆಮೇಲೆ ವಿವರಿಸಿದರು. ಮೇಡಂ ಫಾರಮಿನ ಹಿಂದಿನ ಚಿತ್ರವನ್ನು ಪಕ್ಕದಲ್ಲಿ ಹಿಡಿದರು. ಸಾರ್ ಎದ್ದು ಬಗ್ಗಿ ನೋಡಿದರು. ನೀಲಾಂಬಿಕೆಯಮ್ಮ ಕೂತಲ್ಲಿಂದಲೇ ಕತ್ತು ಚಾಚಿ ನೋಡಿ, ಸೆರಗಿನ ತುದಿ ಬಾಯಿಗೆ ಒತ್ತಿಕೊಂಡರು. ನಾನು ಗಡಿಬಿಡಿಯಲ್ಲಿ ಮೊಬೈಲ್ ತೆಗೆದು ನಾಲ್ಕು ಫೋಟೋ ಹೊಡೆದೆ. ಫ್ಯಾನಿನ ಗಾಳಿಗೆ ಹಬೆ ಅಂಚಿನಿಂದ ಆರುತ್ತಾ ಬಂದು ಚೌಕ ಹೋಯಿತು, ಕೊನೆಗೆ ‘ಗು’ ಹೋಯಿತು. ನನ್ನ ನಾಲ್ಕೂ ಫೋಟೋಗಳಲ್ಲಿ ಬಹಳ ಸ್ಪಷ್ಟವಾಗಿ ಬಂದದ್ದು ಗಾಜಿನಲ್ಲಿ ಪ್ರತಿಫಲಿಸಿದ ಫ್ಯಾನು.

“ಇನ್ನೊಂದು ಸಲ ಮಾಡಿ” ಎಂದರು ಸಾರ್.

“ಆಗುವುದಿಲ್ಲ ಸಾರ್. ಪದೇ ಪದೇ ತೇವ ತಗುಲಿದರೆ ಹಿಂದಿನ ಮಗ್ಗುಲಿನ ಚಿತ್ರದ ಪದರ ಕಿತ್ತುಬರುತ್ತೆ. ನಕ್ಷತ್ರವೇ ಹೋಗುತ್ತೆ” ಎಂದು ಮೇಡಂ ಫಲಕವನ್ನು ಎತ್ತಿ ಎದೆಗೆ ಹಿಡಿದುಕೊಂಡರು.

ಸಾರ್ ಕುರ್ಚಿಯಲ್ಲಿ ಕೂತರು. ಅವರಿಗೂ ಕಷ್ಟವಾಗುತ್ತಿತ್ತು, ಅದು ಕಾಣುತ್ತಿತ್ತು. “ಬೇಸಿಕಲಿ, ನಾನು ಕಂಡದ್ದನ್ನು ಇಲ್ಲ ಅನ್ನುವುದಿಲ್ಲ. ಆದರೆ ಎರಡು ನಿಮಿಷ ಕಂಡು ಮಾಯವಾಗುವುದನ್ನು ನಂಬಿಕೊಂಡು ಗೋಡೆಯ ಮೇಲೆ ಖಾಯಮ್ಮಾಗಿ ಹೆಸರು ಬರೆಸಲು ಹೇಗಾಗುತ್ತಮ್ಮ? ನಾಳೆ ಯಾರಾದರೂ ಬಂದು ತೋರಿಸಿ ಅಂದರೆ ಏನು ತೋರಿಸಲಿ?”

ಮುಂದಿನದನ್ನು ಹೇಳುವ ಮೊದಲು ನನ್ನ ಪಾಲಿನ ಶಿಕ್ಷೆಯನ್ನು ಮುಗಿಸಿಬಿಡುತ್ತೇನೆ. ರಿಜಿಸ್ಟರಿನ ಹನ್ನೆರಡು ಸಾಲುಗಳ ಕೆಳಗೂ ‘ಗುರುತು ಇತ್ತು, ಫೋಟೋ ತೆಗೆಯದೆ ನಾನು ಒರೆಸಿದೆ’ ಎಂದು ಬರೆಸಿದರು. ಹನ್ನೊಂದರ ಮೇಲೆ ಏನಿತ್ತು, ಬರೆದವರು ಯಾರು ಎಂಬುದು ಇನ್ನು ಯಾರಿಗೂ ತಿಳಿಯುವುದಿಲ್ಲ. ಕೇಳಿಕೊಂಡು ಬರುವ ಮಗಳೂ ಅವಕ್ಕೆ ಇದ್ದಂತಿಲ್ಲ. ಹೊಸಬರು ಆ ಪುಟವನ್ನು ನೋಡಬೇಕು, ಮೇಡಂ ತೋರಿಸುತ್ತಾರೆ. ಫಲಕಗಳೆಲ್ಲ ಈಗ ಜಾಲತಾಣದಲ್ಲಿವೆ, ಯಾರು ಬೇಕಾದರೂ ಚುಕ್ಕಿ ಎಣಿಸಬಹುದು. ಒರೆಸುವ ಪದ್ಧತಿಯೂ ಬದಲಾಗಿದೆ: ಈಗ ಗುರುತಿರುವ ಫಲಕವನ್ನು ಒರೆಸುವುದೇ ಇಲ್ಲ, ಮಸಿ ಸಮೇತ ಸ್ಕ್ಯಾನ್ ಮಾಡುತ್ತಾರೆ. ಗ್ಯಾಲರಿಯ ಗೋಡೆಯ ಮೇಲೆ ಮುಖ್ಯಸ್ಥರ ಹೆಸರಿನ ಮೇಲಿನ ಸಾಲಿನಲ್ಲಿ ‘ಮೊದಲು ಗುರುತಿಸಿದವರು: ಫಲಕ ವೀಕ್ಷಕ ಗುರುಸಿದ್ಧಪ್ಪ’ ಎಂದು ಮೂರು ಭಾಷೆಗಳಲ್ಲಿ ಇದೆ, ಕನ್ನಡವೂ ಸೇರಿ.

ಅದನ್ನು ಬರೆಸಿದ್ದು ಹಬೆಯೂ ಅಲ್ಲ, ನನ್ನ ತಪ್ಪೊಪ್ಪಿಗೆಯೂ ಅಲ್ಲ. ನೀಲಾಂಬಿಕೆಯಮ್ಮ ಅಷ್ಟು ಹೊತ್ತು ಸಾರ್ ಜೊತೆ ಅಚ್ಚ ತಮಿಳಿನಲ್ಲೇ ಮಾತಾಡಿದ್ದರು. ಸಿಟ್ಟು ಬಂದಾಗ ತಮಿಳು ಹಿಂದೆ ಉಳಿಯಿತು. ಸಾರ್ ಮುಖವನ್ನೇ ನೋಡುತ್ತಾ ಕನ್ನಡದಲ್ಲಿ ಹೇಳಿ, “ಹೇಳೋ ಅವ್ರಿಗೆ” ಎಂದು ನನಗೆ ಕೈ ಮಾಡಿದರು. ನಾನು ಯಾರ ದನಿಯನ್ನೂ ಸೇರಿಸದೆ, ಒಂದು ಪದವನ್ನೂ ಬಿಡದೆ ತಮಿಳಿನಲ್ಲಿ ಒಪ್ಪಿಸಿದೆ. ಸಾರ್ ಗಂಟಲು ಸರಿಮಾಡಿಕೊಳ್ಳಲಿಲ್ಲ, ಬೇಸಿಕಲಿ ಎನ್ನಲಿಲ್ಲ, ಪೆನ್ನು ತೆಗೆದುಕೊಂಡರು. ಆಯಮ್ಮ ಹೇಳಿದ್ದು ಇಷ್ಟು:

“ಆ ಚುಕ್ಕಿ ನಾಕು ದಿನ ಕಾಣ್ತೈತಿ, ನಾಕು ದಿನ ಕಾಣಂಗಿಲ್ಲ. ಅದನ್ನ ಗೋಡಿ ತುಂಬ ಬರಸೀರಿ. ನಮ್ಮಪ್ಪನ ಗುರುತು ಈಗ ಕಂಡೈತಿ, ನಾಕು ಮಂದಿ ನೋಡೀವಿ, ಅದರಾಗ ನೀವೂ ಒಬ್ರು.”